ಆರಾಮದ ಎರಡು ದಿನ

ಪರಭಾಷೆಯನ್ನು ಕಲಿಯಲು ಊರು ಬಿಟ್ಟು ಹೋದ ವಿದ್ಯಾರ್ಥಿಗೆ ವಾರದ ಐದು ದಿನ ಪಾಠವಿರುತ್ತದೆ. ಉಳಿದೆರಡು ದಿನ ಬಿಡುವು. ಅವನು ಭಾಷೆಯನ್ನು ಹೆಚ್ಚಾಗಿ ಕಲಿಯುವುದು ಯಾವಾಗ? ಇಟಲಿಯ ಪೆರೂಜ ನಗರದಲ್ಲಿ ವಿದೇಶೀಯರಿಗೆ ಇಟಾಲಿಯನ್ ಭಾಷೆಯನ್ನು ಕಲಿಸುವುದಕ್ಕೆಂದೇ ಒಂದು ವಿಶ್ವವಿದ್ಯಾಲಯವುಂಟು. 1925ರಲ್ಲಿ ಅದಕ್ಕೆ ರಾಜಮನ್ನಣೆ ದೊರೆಯಿತು. ಅಲ್ಲಿ ವ್ಯಾಕರಣವನ್ನು ಕ್ರಮವಾಗಿ ಹೇಳಿಕೊಡುತ್ತಾರೆ. ಆದರೆ ಸಂಜೆಯಾದೊಡನೆ ಆ ದೇಶದ ಊರೂರಿನಲ್ಲಿಯೂ ಜನ ಮನೆಯಿಂದ ಹೊರಬಂದು ಬೀದಿಯಲ್ಲಿ ನಿಧಾನವಾಗಿ ಅತ್ತಿಂದಿತ್ತ ನಡೆಯುತ್ತಾರೆ. ಎದುರಾದವರನ್ನು ನಿಲ್ಲಿಸಿ ಮಾತನಾಡಿಸುತ್ತಾರೆ. ಪಸ್ಸೆಜ್ಜಾತ ಎಂದು ಇದಕ್ಕೆ ಹೆಸರು. ಪಾಠದ ಕೋಣೆಯಲ್ಲಿ ಕಲಿತ ಕ್ರಿಯಾಪದಕ್ಕೆ ಉಸಿರು ಬರುವುದು ಆ ಬೀದಿಯಲ್ಲಿ.

ಬಿಡುವಿನಲ್ಲಿ ಕಣ್ಣು ಕಿವಿ ತೆರೆದಿಟ್ಟುಕೊಳ್ಳುವುದು ಇಟಲಿಯವರಿಗೆ ಹಳೆಯ ವಾಡಿಕೆ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಪ್ರವಾಸಿಗನು ನಮ್ಮ ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದೆಡೆ, ಸಾಮಾನುಗಳನ್ನು ಹೊರಡಿಸುವುದಕ್ಕೆ ಹೊತ್ತು ಹಿಡಿದಾಗ, ಅವನು ಸುಮ್ಮನೆ ದೇವಾಲಯದ ಮುಖಮಂಟಪದಲ್ಲಿ ನಿಂತನು. ಅಲ್ಲಿ ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಬರೆದುದನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಕಲಿಸಲು ಗುರುವಿರಲಿಲ್ಲ, ಒಬ್ಬರಿಗೊಬ್ಬರು ಗುರುಗಳಾಗಿದ್ದರು. ಆ ಕಾಲದ ನಮ್ಮ ಮಕ್ಕಳ ಕಲಿಕೆಯ ಈ ಚಿತ್ರ ನಮಗೆ ಉಳಿದಿರುವುದು ಒಬ್ಬ ಪರದೇಶಿಯ ಅರ್ಧ ಗಳಿಗೆಯ ಬಿಡುವಿನಿಂದ.

ಕೇಳುಗರು ಈಗ, ಇಟಲಿಗೆ ಹೋಗಲು ನಮಗೆಲ್ಲಿ ಅನುಕೂಲ ಎಂದು ಕೇಳಬಹುದು. ಹೋಗಬೇಕಾದುದಿಲ್ಲ. ಮೈಸೂರು ಬೆಂಗಳೂರುಗಳ ನಾವು ಭಾಷೆಯ ವಿದ್ಯಾರ್ಥಿಗಳಾಗಿ ಎರಡು ದಿನ ಕಳೆಯಲು ತಕ್ಕ ಸೀಮೆ ಕನ್ನಡನಾಡಿನಲ್ಲಿಯೇ ಇದೆ: ಯಾದಗಿರಿ, ಶಹಾಪುರ, ಸುರಪುರ. ಅಲ್ಲಿ ಕಲಿಯಬೇಕಾದ ಭಾಷೆ ಯಾವುದೆಂದರೆ, ಕನ್ನಡವೇ.

ಯಾದಗಿರಿಯಲ್ಲಿ ರೈಲಿನಿಂದ ಇಳಿದೊಡನೆ ಪಾಠ ಮೊದಲಾಗುತ್ತದೆ. ನಮ್ಮ ಭಾನುವಾರ ಅಲ್ಲಿ ಐತವಾರ. ಅದು ಆದಿತ್ಯವಾರ ಸವೆದು ಆದ ರೂಪ. ನಮ್ಮ ರಜ ಅಲ್ಲಿ ಸೂಟಿ. ಸೂಟಿಯೆಂಬುದು ಮರಾಠಿಯಿಂದ ಬಂದ ಮಾತೆಂದು ನಮಗೆ ನಗು ಬರಬಹುದು. ಆದರೆ ನಮ್ಮ ರಜ ಎಲ್ಲಿಯದು? ಅರಬ್ಬಿಯಲ್ಲಿ ಹುಟ್ಟಿ, ಹಿಂದೂಸ್ತಾನಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದು ಸೇರಿದ ಮಾತು. ಅಚ್ಚಕನ್ನಡದಲ್ಲಿ ಬಿಡುವು ಎಂಬ ಒಳ್ಳೆಯ ಪದವಿದ್ದರೂ ಇಬ್ಬರೂ ಸಾಲ ತಂದಿದ್ದೇವೆ. ಸಾಲ ಕೊಟ್ಟವರು ಮಾತ್ರ ಬೇರೆ.

ಇನ್ನು ಅಲ್ಲಿಯ ಕುಶಲಪ್ರಶ್ನೆಯನ್ನು ಕೇಳಿ: ‘ಆರಾಮ ಇದ್ದೀರೇನ್ರಿ?’ ಸಂಸ್ಕೃತದಲ್ಲಿ ಆರಾಮವೆಂದರೆ ಉಪವನ, ಮನಸ್ಸಿಗೆ ಹಿತವಾದ ಎಡೆ. ಪಾರಸಿಯಲ್ಲಿ ಅದೇ ಉಲಿಯ ಮಾತಿಗೆ ನೆಮ್ಮದಿಯೆಂದು ಅರ್ಥ. ಆ ಎರಡು ಭಾಷೆಗಳ ಸಂಪರ್ಕವೂ ಇದ್ದ ನಾಡಿನಲ್ಲಿ ಈ ಮಾತು ದಿನಬಳಕೆಯ ಉಪಚಾರವಾಗಿ ನಿಂತಿತು. ಕೊನೆಯ ‘ರಿ’ ಎಂಬ ಒಂದಕ್ಷರ, ನಾವು ‘ತಾವು’, ‘ದಯವಿಟ್ಟು’ ಎಂದು ತಿಣುಕಿ ತರುವ ಮರ್ಯಾದೆಯನ್ನೆಲ್ಲ ಹಗುರವಾಗಿ ಹೊತ್ತು ತರುತ್ತದೆ.

ಯಾದಗಿರಿಯ ಕೋಟೆಬೆಟ್ಟವನ್ನು ನೋಡಿ, ಭೀಮಾನದಿಯನ್ನು ದಾಟಿ ಶಹಾಪುರಕ್ಕೆ ಹೋಗುವಾಗ ಅವಸರ ಕೂಡದು. ಶಹಾಪುರದ ಬೆಟ್ಟದ ಸಾಲನ್ನು ದೂರದಿಂದ ನೋಡಿದರೆ ಮನುಷ್ಯನೊಬ್ಬ ಅಂಗಾತ ಮಲಗಿದಂತೆ ಕಾಣುತ್ತದೆ. ಮಲಗಿದ ಬುದ್ಧನೆಂದು ಜನ ಅದನ್ನು ಕರೆಯುತ್ತಾರೆ. ಚಹದ ಅಂಗಡಿಯ ಮುಂದೆ ಕುಳಿತು ಅದನ್ನು ನೋಡುತ್ತಿರುವಾಗ ಪಕ್ಕದ ಮಾತು ಕಿವಿಗೆ ಬೀಳುತ್ತದೆ. ನಾವು ‘ಮಾಡುತ್ತಿದ್ದಾನೆ’ ಎನ್ನುವೆಡೆ ಅವರು ‘ಮಾಡ್ಲಾಕತ್ತಾನ’ ಎನ್ನುತ್ತಾರೆ. ಬಿಡಿಸಿ ನೋಡಿದರೆ, ಮಾಡಲಿಕ್ಕೆ ಹತ್ತಿದ್ದಾನೆ. ಬೆಟ್ಟ ಹತ್ತುವುದು, ಬೆಂಕಿ ಹತ್ತುವುದು, ಮಳೆ ಹತ್ತುವುದು, ಎಲ್ಲವೂ ಆ ಒಂದು ಧಾತುವಿನಲ್ಲಿವೆ. ಕೆಲಸವೂ ಹಾಗೆಯೇ ಮನುಷ್ಯನಿಗೆ ಹತ್ತಿಕೊಳ್ಳುತ್ತದೆ. ಇದನ್ನು ಅಶುದ್ಧವೆಂದು ತಿದ್ದುವವನು ಒಂದು ಒಳ್ಳೆಯ ವ್ಯಾಕರಣಪಾಠವನ್ನು ಕಳೆದುಕೊಳ್ಳುತ್ತಾನೆ. ಇದಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿಗಳ ಊಟ ಸೇರಿದರೆ ಶನಿವಾರ ಸಾರ್ಥಕವಾದಂತೆ.

ಐತವಾರವನ್ನು ಸುರಪುರಕ್ಕೆ ಮೀಸಲಿಡಬೇಕು. ಬೆಟ್ಟಗಳ ನಡುವೆ ಬೇಡ ನಾಯಕರು ಕಟ್ಟಿ ಆಳಿದ ಊರು ಇದು. ಅವರ ವಾಗಿನಗೇರಿ ಕೋಟೆಯ ಮುಂದೆ 1705ರಲ್ಲಿ ಔರಂಗಜೇಬನೇ ದಂಡು ಇಳಿಸಬೇಕಾಯಿತು. ಊರಿನ ಎತ್ತರದಲ್ಲಿ ಟೇಲರ್ ಮಂಜಿಲ್ ಎಂಬ ಕಟ್ಟಡವಿದೆ. ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದು, ನಿಜಾಮರ ಸೇವೆಗೆ ಸೇರಿದವನು. ಅವನಿಗೆ ದೊಡ್ಡ ಶಾಲೆಯ ಓದಿರಲಿಲ್ಲ. ಈ ದೇಶದ ಭಾಷೆಗಳನ್ನೂ, ಭೂಮಾಪನ, ಭೂವಿಜ್ಞಾನ, ಸಸ್ಯಶಾಸ್ತ್ರಗಳನ್ನೂ ಬಿಡುವಿನ ವೇಳೆಯಲ್ಲಿ ತಾನಾಗಿ ಕಲಿತನು. 1840ರ ದಶಕದ ಮೊದಲಿನಿಂದ 1853ರ ವರೆಗೆ ಸುರಪುರದ ಆಡಳಿತ ಅವನ ಕೈಯಲ್ಲಿತ್ತು. ಅರಸು ವೆಂಕಟಪ್ಪನಾಯಕನು ಆಗ ಇನ್ನೂ ಬಾಲಕ. ಆಡಳಿತದ ನಡುವೆ ಬಿಡುವಾದಾಗ ಟೇಲರನು ಈ ಸೀಮೆಯ ಬಯಲುಗಳಲ್ಲಿ ನಿಂತಿರುವ ಪ್ರಾಚೀನ ಕಲ್ಲುಗಳನ್ನು ಅಳೆದು ಚಿತ್ರ ಬರೆದನು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳಿವೆ. ರಾಜನಕೋಳೂರಿನ ಕಲ್ಲುಗೋರಿಗಳನ್ನು ಜನ ಮೋರ್ಯರ ಮನೆಗಳೆಂದು ಕರೆಯುತ್ತಿದ್ದರು. ಆ ಹೆಸರನ್ನೂ ಅವನು ಬಿಡದೆ ಬರೆದಿಟ್ಟನು. ಜನರೊಡನೆ ಕುಳಿತು ಮಾತನಾಡದವನಿಗೆ ಅಂತಹ ಹೆಸರು ಸಿಕ್ಕುವುದಿಲ್ಲ.

ಭಾಷೆ ಬಲ್ಲವನ ಮೇಲೆ ಒಂದು ಭಾರವೂ ಬೀಳುತ್ತದೆ. ಬಾಲಕ ಅರಸನು ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. 1858ರಲ್ಲಿ ಆ ಅರಸನೇ ಆಂಗ್ಲರ ವಿರುದ್ಧ ಎದ್ದು ಸೆರೆಸಿಕ್ಕಾಗ, ಸೆರೆಮನೆಗೆ ಹೋಗಿ ಅವನನ್ನು ಕಂಡು ಮಾತನಾಡಿದವನೂ ಟೇಲರನೇ. ಆ ವರ್ಷವೇ ಅರಸನು ಗುಂಡೇಟಿನಿಂದ ತೀರಿಕೊಂಡನು, ಸಂಸ್ಥಾನ ಕೈತಪ್ಪಿತು. ಕನ್ನಡದ ಒಂದು ಚಿಕ್ಕ ಮಾತು ಒಬ್ಬ ಅಧಿಕಾರಿಯನ್ನು ಬಂಧುವನ್ನಾಗಿ ಮಾಡಿತು. ಆದರೆ ಅಧಿಕಾರದ ಮುಂದೆ ಆ ಬಂಧುತ್ವ ನಿಲ್ಲಲಾರದೆ ಹೋಯಿತು. ಪರರ ಭಾಷೆಯನ್ನು ಕಲಿಯುವುದು ಪ್ರೀತಿಗೋ ಆಳಿಕೆಗೋ ಎಂಬ ಪ್ರಶ್ನೆಯನ್ನು ಆ ಗುಡ್ಡದ ಮನೆ ಈಗಲೂ ನಮ್ಮ ಮುಂದಿಡುತ್ತದೆ.

ಇದಕ್ಕಿಂತ ದೊಡ್ಡ ಪಾಠವೊಂದು ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ 1948ರ ವರೆಗೆ ಹೈದರಾಬಾದು ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. ಉಚ್ಚಶಿಕ್ಷಣವೂ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿಯೇ ನಡೆಯಿತು. ಉರ್ದು ಸುಂದರವಾದ ಭಾಷೆ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಕಚೇರಿಯೂ ಕಾಲೇಜೂ ಕೈಬಿಟ್ಟ ಮೇಲೆ ಕನ್ನಡ ಉಳಿದದ್ದು ಎಲ್ಲಿ? ದುಡಿದು ಬಂದವರ ಬಿಡುವಿನಲ್ಲಿ. ರಾತ್ರಿಯ ಭಜನೆಯಲ್ಲಿ, ತತ್ತ್ವಪದದಲ್ಲಿ, ಸುಗ್ಗಿ ಮುಗಿದ ಮೇಲಿನ ಬಯಲಾಟದಲ್ಲಿ, ಹಿಂದುಗಳೂ ಮುಸಲ್ಮಾನರೂ ಕೂಡಿ ಹಾಡುವ ಮೊಹರಮ್ಮಿನ ರಿವಾಯತ ಪದಗಳಲ್ಲಿ. ಸುರಪುರ ಸೀಮೆಯ ಮುದನೂರಿನಲ್ಲಿ ಮಗ್ಗದ ಮುಂದೆ ಕುಳಿತು ವಚನ ಹೇಳಿದ ದಾಸಿಮಯ್ಯನ ಕನ್ನಡಕ್ಕೆ ಪಾಠಶಾಲೆಯ ಆಸರೆ ಇರಲಿಲ್ಲ. ಜನರ ಬಾಯಿ ಅದನ್ನು ಕಾಪಾಡಿತು.

1956ರಲ್ಲಿ ಈ ಸೀಮೆ ಮೈಸೂರಿನೊಡನೆ ಒಂದಾಯಿತು. 2009ರಲ್ಲಿ ಯಾದಗಿರಿಯೇ ಜಿಲ್ಲೆಯಾಯಿತು. ಆದರೂ ಅಲ್ಲಿಂದ ಓದಲು ಬಂದ ಹುಡುಗನು ತರಗತಿಯಲ್ಲಿ ಬಾಯಿ ತೆರೆದರೆ ನಗುವವರು ನಮ್ಮ ನಗರಗಳಲ್ಲಿ ಇದ್ದಾರೆ. ಅವನು ಎರಡನೆಯ ದಿನ ಮಾತು ಕಡಿಮೆ ಮಾಡುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ನಮ್ಮಂತೆ ಮಾತನಾಡುತ್ತಾನೆ. ನಷ್ಟ ಅವನೊಬ್ಬನದಲ್ಲ. ಪರಭಾಷೆಯ ಆಳಿಕೆಯಲ್ಲಿ ಉಳಿದುಬಂದ ಮಾತು ಸ್ವಭಾಷೆಯವರ ನಗೆಗೆ ಅಳಿದುಹೋಗುವುದಾದರೆ ಏಕೀಕರಣಕ್ಕೆ ಏನು ಅರ್ಥ?

ಆದುದರಿಂದ ನಮ್ಮ ಸಲಹೆ ಇಷ್ಟು. ಮುಂದಿನ ಸಲ ಎರಡು ದಿನ ಬಿಡುವು ದೊರೆತಾಗ ಆ ಕಡೆ ಹೊರಡೋಣ. ನೋಡಬೇಕಾದ ಸ್ಥಳಗಳ ಪಟ್ಟಿ ಚಿಕ್ಕದಿರಲಿ. ಯಾರನ್ನೂ ತಿದ್ದುವುದು ಬೇಡ. ತಿಳಿಯದ ಮಾತಿಗೆ ಅರ್ಥ ಕೇಳುವುದಕ್ಕೆ ಸಂಕೋಚವೂ ಬೇಡ. ಕೇಳಿದವನಿಗೆ ಆ ಜನ ಅರ್ಥವನ್ನೂ ಹೇಳುತ್ತಾರೆ, ಕುಳ್ಳಿರಿಸಿ ಚಹವನ್ನೂ ಕೊಡುತ್ತಾರೆ. ಗುಂಪಿನಲ್ಲಿ ನಾವು ಆಡಿದ್ದಕ್ಕಿಂತ ಕೇಳಿದ್ದು ಹೆಚ್ಚಾದರೆ ಪಾಠ ಸರಿಯಾಗಿ ನಡೆಯಿತೆಂದು ತಿಳಿಯಬಹುದು. ಹತ್ತು ಹೊಸ ಮಾತು ಮನೆಗೆ ತಂದು, ಅವುಗಳಲ್ಲಿ ಎರಡನ್ನಾದರೂ ನಮ್ಮ ಬಳಕೆಗೆ ಸೇರಿಸಿಕೊಂಡರೆ, ಕನ್ನಡ ಅಷ್ಟರ ಮಟ್ಟಿಗೆ ಅಗಲವಾಗುತ್ತದೆ.