ನೆತ್ತರುಗೊಡಗೆ

ನಮ್ಮ ಹಳ್ಳಿಗಾಡಿನಲ್ಲಿ ತಿರುಗಾಡಿದವರಿಗೆ ವೀರಗಲ್ಲು ಹೊಸದಲ್ಲ. ಅರಳಿಕಟ್ಟೆಯ ಪಕ್ಕದಲ್ಲೋ, ಕೆರೆಯ ಏರಿಯ ಮೇಲೋ, ಪಾಳುಗುಡಿಯ ಹಿಂದಿನ ಕತ್ತಾಳೆಯ ಮೆಳೆಯಲ್ಲೋ ಅರ್ಧ ಹೂತುಹೋದ ಒಂದು ಚಪ್ಪಡಿ. ಅದರ ಕೆಳಪಟ್ಟಿಯಲ್ಲಿ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಹೋರಾಡುತ್ತಿರುವ ಒಬ್ಬ ಮನುಷ್ಯ. ನಡುಪಟ್ಟಿಯಲ್ಲಿ ಅವನನ್ನು ಎರಡು ಕಡೆಯಿಂದಲೂ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಎಲ್ಲಕ್ಕೂ ಮೇಲೆ, ಲಿಂಗದ ಸನ್ನಿಧಿಯಲ್ಲಿ ಕುಳಿತ ಅದೇ ಮನುಷ್ಯ. ಹುಡುಗರಾಗಿದ್ದಾಗ ನಾವು ಆ ಕಲ್ಲಿನ ನೆತ್ತಿಯ ಮೇಲೆ ಹುಣಿಸೆಹಣ್ಣು ಕುಟ್ಟಿ ತಿಂದವರು. ದೊಡ್ಡವನಾದ ಮೇಲೆ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿ ಅದೇ ಕಲ್ಲುಗಳ ವಿಷಯವಾಗಿ ನಾನು ಪಾಠ ಹೇಳಿದೆ. ಹೇಳುವಾಗ ಚಿತ್ರಗಳನ್ನು ಬಣ್ಣಿಸುತ್ತಿದ್ದೆ; ಚಿತ್ರಪಟ್ಟಿಗಳ ನಡುವಿನ ಸಣ್ಣ ಬರಹವನ್ನು ಮಾತ್ರ ಬೇಗ ಬೇಗ ದಾಟಿಸಿಬಿಡುತ್ತಿದ್ದೆ.

ಆ ಬರಹದಲ್ಲಿ ಏನಿರುತ್ತದೆ? ಯಾವ ಅರಸನ ಕಾಲದಲ್ಲಿ, ಯಾವ ಊರಿನಲ್ಲಿ, ಯಾರು, ಯಾತಕ್ಕಾಗಿ ಬಿದ್ದರು ಎಂಬುದಿರುತ್ತದೆ. ಹಲವು ಕಲ್ಲುಗಳಲ್ಲಿ ಅದರ ಮುಂದೆ ಇನ್ನೊಂದು ಸಂಗತಿ ಇರುತ್ತದೆ: ಸತ್ತವನ ಮನೆಯವರಿಗೆ ಎಷ್ಟು ಭೂಮಿ ಕೊಟ್ಟರು ಎಂಬುದು. ಈ ದತ್ತಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳಲ್ಲಿ ಒಂದು ‘ನೆತ್ತರುಗೊಡಗೆ’. ಚೆಲ್ಲಿದ ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡಗೆ. ಪರಿಹಾರ, ಅನುಕಂಪ, ಸಹಾಯಧನ ಎಂಬ ನಮ್ಮ ಈಗಿನ ಮಾತುಗಳ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಅದರಲ್ಲಿ ಮರೆಮಾಚುವುದೇನೂ ಇಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ಒಂದು ದೊಡ್ಡ ಶಾಸನಶಿಲೆ ಇದೆ. ಗಂಗರ ಎರೆಯಪ್ಪನ ಕಾಲದ್ದು. ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಮೇಲೆ ನಡೆದ ಕಾಳಗದಲ್ಲಿ ನಾಗತ್ತರನೆಂಬ ನಾಯಕ ಆನೆಗಳ ಮಧ್ಯೆ ನುಗ್ಗಿ ಮಡಿದ. ಶಿಲ್ಪಿ ಆ ಕಲ್ಲಿನ ತುಂಬ ಕುದುರೆ, ಆನೆ, ಬಿದ್ದವರು, ಬೀಳುತ್ತಿರುವವರು ಎಂದು ಕಿಕ್ಕಿರಿದು ಕೆತ್ತಿದ್ದಾನೆ. ಆದರೆ ಬರೆದವನಿಗೂ ಜಾಗ ಬಿಟ್ಟಿದ್ದಾನೆ. ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟದ್ದನ್ನು ಆತ ಬರೆದಿದ್ದಾನೆ. ಆ ಊರುಗಳ ಹೆಸರನ್ನು ಒಂದೊಂದಾಗಿ ಎಣಿಸಿದ್ದಾನೆ. ಗೌರವವೂ ಕೊಡಗೆಯೂ ಒಂದೇ ಕಲ್ಲಿನಲ್ಲಿ ಇವೆ. ಇದೇನು ಸುವರ್ಣಯುಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಬರಹವೇ ಇಲ್ಲದ, ಹೆಸರೇ ತಿಳಿಯದ ವೀರಗಲ್ಲುಗಳೂ ಬೇಕಾದಷ್ಟಿವೆ. ಅವರ ಮನೆಯವರಿಗೆ ಏನು ದಕ್ಕಿತೋ ಕಲ್ಲು ಹೇಳುವುದಿಲ್ಲ.

ಇಷ್ಟು ವರ್ಷ ಪುಸ್ತಕದ ಮಾತಾಗಿದ್ದ ನೆತ್ತರುಗೊಡಗೆ ನನಗೆ ನಿಜವಾಗಿ ನೆನಪಾದದ್ದು 2011ರ ಅಕ್ಟೋಬರ್ 21ರ ಬೆಳಿಗ್ಗೆ, ನಮ್ಮ ಜಿಲ್ಲಾ ಕೇಂದ್ರದ ಪೋಲೀಸ್ ಕವಾಯತು ಮೈದಾನದಲ್ಲಿ.

ಆ ದಿನ ದೇಶದ ಎಲ್ಲ ಕಡೆ ಪೋಲೀಸ್ ಹುತಾತ್ಮರ ದಿನಾಚರಣೆ. 1959ರ ಅಕ್ಟೋಬರ್ 20ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬ ಎತ್ತರದ ಠಾಣ್ಯದಿಂದ ಮೂರು ಗಸ್ತು ತಂಡಗಳು ಹೊರಟವು. ಎರಡು ಹಿಂದಿರುಗಿದವು, ಇಬ್ಬರು ಪೇದೆಗಳೂ ಒಬ್ಬ ಹಮಾಲಿಯೂ ಇದ್ದ ಮೂರನೆಯದು ಬರಲಿಲ್ಲ. ಮಾರನೆಯ ದಿನ ಕರಮ್ ಸಿಂಗ್ ಎಂಬ ಅಧಿಕಾರಿ ತನ್ನವರನ್ನು ಕರೆದುಕೊಂಡು ಅವರನ್ನು ಹುಡುಕಲು ಹೊರಟ. ಗುಡ್ಡದ ಮೇಲಿನಿಂದ ಚೀನೀ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಪೋಲೀಸರು ಸತ್ತರು. ಅವರ ದೇಹಗಳು ಮರಳಿ ಕೈಗೆ ಬಂದದ್ದು ಮೂರು ವಾರಗಳ ಮೇಲೆ, ನವೆಂಬರ್ 13ರಂದು. ಸೈನಿಕರಲ್ಲದವರು ಗಡಿ ಕಾಯುತ್ತಿದ್ದ ಕಾಲ ಅದು. 1960ರ ಜನವರಿಯಲ್ಲಿ ಪಟಿಯಾಲಾದಲ್ಲಿ ಸೇರಿದ ಪೋಲೀಸ್ ಮುಖ್ಯಾಧಿಕಾರಿಗಳ ಸಮ್ಮೇಳನ ಆ ದಿನವನ್ನು ಸ್ಮರಣೆಗೆಂದು ನಿಗದಿ ಮಾಡಿತು.

ನಾನು ಅಲ್ಲಿಗೆ ಹೋದದ್ದು ನನ್ನ ಬೀದಿಯಲ್ಲಿ ಬಾಡಿಗೆಗಿದ್ದ ಒಬ್ಬ ಹೆಣ್ಣುಮಗಳ ಜೊತೆಗೆ. ಆಕೆಯ ಗಂಡ ಪೇದೆ. ಅದೇ ವರ್ಷದ ಬೇಸಿಗೆಯಲ್ಲಿ, ರಾತ್ರಿ ಹೆದ್ದಾರಿಯಲ್ಲಿ ವಾಹನಗಳನ್ನು ತಡೆದು ತಪಾಸಣೆ ಮಾಡುತ್ತಿದ್ದಾಗ ಲಾರಿಯೊಂದು ನಿಲ್ಲದೆ ಅವನ ಮೇಲೆ ಹಾದುಹೋಯಿತು. ಆಹ್ವಾನಪತ್ರ ಬಂದಾಗ ಆಕೆ, “ಒಬ್ಬಳೇ ಹೋಗೋದಕ್ಕೆ ಧೈರ್ಯ ಸಾಲದು ಮೇಷ್ಟ್ರೇ, ನೀವೂ ಬನ್ನಿ” ಎಂದಳು.

ಶೋಕಶಸ್ತ್ರದ ಆಜ್ಞೆಯಾಯಿತು, ಬಂದೂಕುಗಳು ತಲೆಕೆಳಗಾದವು. ಮೂರು ಸುತ್ತು ಗುಂಡು ಹಾರಿದವು, ಕಹಳೆ ಮೊಳಗಿತು. ಅಧಿಕಾರಿಗಳು ಆ ವರ್ಷ ದೇಶದಲ್ಲಿ ಕರ್ತವ್ಯದ ಮೇಲೆ ಸತ್ತವರ ಹೆಸರುಗಳನ್ನು ರಾಜ್ಯವಾರಾಗಿ ಓದಿದರು. ಅದು ಬಹಳ ಹೊತ್ತು ನಡೆಯಿತು. ಅಸ್ಸಾಮಿನ, ಮಣಿಪುರದ ಹೆಸರುಗಳನ್ನು ಅವರು ತಡವರಿಸದೆ ಓದಿದರು. ಮೊದಲೇ ಅಭ್ಯಾಸ ಮಾಡಿಕೊಂಡು ಬಂದಿದ್ದರೆಂದು ತೋರುತ್ತದೆ. ನಮ್ಮ ಪೇದೆಯ ಹೆಸರು ಬಂದಾಗ ಮಾತ್ರ ಹೆಸರಿನ ಹಿಂದಿನ ಎರಡು ಅಕ್ಷರಗಳು, ಊರಿನದೊಂದು ತಂದೆಯದೊಂದು, ಹಿಂದುಮುಂದಾದವು. ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಆಕೆ ತುಟಿಯಲ್ಲೇ ಅವನ್ನು ಸರಿಯಾಗಿ ಹೇಳಿಕೊಂಡಳು. ಬೇರೆ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಶಾಲು ಹೊದಿಸಿದರು. ದೊಡ್ಡ ಅಧಿಕಾರಿಗಳೊಬ್ಬರು ಬಗ್ಗಿ, ಮಕ್ಕಳು ಏನು ಓದುತ್ತಿದ್ದಾರೆಂದು ಕೇಳಿದರು. ಕೇಳಿದ ರೀತಿಯಲ್ಲಿ ಕಪಟವಿರಲಿಲ್ಲ.

ಆ ಎರಡು ಅಕ್ಷರಗಳು ಆಕೆಗೆ ಅಷ್ಟು ಮುಖ್ಯವಾದದ್ದೇಕೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಆರು ತಿಂಗಳಿಂದ ಆಕೆಯ ಅರ್ಜಿಗಳನ್ನು ಬರೆಯುತ್ತಿದ್ದವನು ನಾನು. ಸೇವಾ ಪುಸ್ತಕದಲ್ಲಿ ಗಂಡನ ಹೆಸರು ಒಂದು ರೀತಿ, ಮರಣಪತ್ರದಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ. ಮೂವರೂ ಒಬ್ಬನೇ ಎಂದು ಪ್ರಮಾಣ ಮಾಡಿಸಬೇಕಾಯಿತು. ಒಂದು ಕಚೇರಿಯಲ್ಲಿ ಕಡತ ಇಲ್ಲ ಎಂದರು. ಹದಿನೈದು ದಿನದ ಮೇಲೆ ಅದೇ ಮೇಜಿನ ಮೇಲೆ ಅದು ಸಿಕ್ಕಿತು. ಪೋಲೀಸ್ ವಸತಿಗೃಹ ತೆರವು ಮಾಡಬೇಕೆಂಬ ಕಾಗದ ಮಾತ್ರ ಯಾವ ಅಕ್ಷರದೋಷವೂ ಇಲ್ಲದೆ ಬಂತು. ಹಾಗೆಯೇ ಆಕೆ ನಮ್ಮ ಬೀದಿಗೆ ಬಂದದ್ದು.

ಎಲ್ಲಕ್ಕಿಂತ ದೊಡ್ಡ ತೊಡಕು ವಿಮೆಯದು. ಪೇದೆ ಮದುವೆಗೆ ಮೊದಲು ತಾಯಿಯ ಹೆಸರು ಬರೆಸಿದ್ದ. ಆಮೇಲೆ ಬದಲಾಯಿಸಲು ಅವನಿಗೆ ಬಿಡುವಾಗಲಿಲ್ಲ, ಅಥವಾ ಸಾವಿನ ಮಾತೆತ್ತುವುದು ಬೇಡವೆನ್ನಿಸಿತೋ ಏನೋ. ಅತ್ತೆ ಸೊಸೆಯರಿಗೆ ಮಾತಿರಲಿಲ್ಲ. ಈ ಮುದುಕಿ ಹಣವನ್ನು ಕಿರಿಯ ಮಗನ ಕೈಗೆ ಹಾಕಿ ಸೊಸೆಯನ್ನು ಬೀದಿಗೆ ನಿಲ್ಲಿಸುತ್ತಾಳೆಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದಿಟ್ಟಿದ್ದೆ. ಒಂದು ದಿನ ಮೊದಲ ಬಸ್ಸಿಗೆ ಆಕೆಯೇ ಬಂದು ನನ್ನ ಜಗಲಿಯ ಮೇಲೆ ಕುಳಿತಳು. “ಅದೇನು ಬರೀಬೇಕೋ ಬರೀರಿ ಮೇಷ್ಟ್ರೇ, ಹೆಬ್ಬೆಟ್ಟು ಒತ್ತುತೀನಿ. ದುಡ್ಡು ಮಕ್ಕಳಿಗೆ ಆಗ್ಲಿ. ನನಗೆ ತಿಂಗಳಿಗಿಷ್ಟು ಅಕ್ಕಿ ಕಳಿಸಿದ್ರೆ ಸಾಕು” ಎಂದಳು. ಬರೆದೆ. ಬರೆಯುವಾಗ ತಲೆಯೆತ್ತಿ ಆಕೆಯ ಮುಖ ನೋಡಲು ನನಗಾಗಲಿಲ್ಲ. ಮೈದಾನದಲ್ಲಿ ಆ ತಾಯಿಗೆ ಕುರ್ಚಿ ಇರಲಿಲ್ಲ. ಆಹ್ವಾನ ಹೆಂಡತಿಯ ಹೆಸರಿಗೆ ಮಾತ್ರ ಬಂದಿತ್ತು.

ಪೋಲೀಸರೆಂದರೆ ನಮ್ಮ ಜನಕ್ಕೆ ಪ್ರೀತಿಯಿಲ್ಲ, ಅದು ನಿಷ್ಕಾರಣವೂ ಅಲ್ಲ. ಲಾಠಿಯೇಟು ತಿಂದವರ ಪರವಾಗಿ ಪತ್ರಿಕೆಗಳಿಗೆ ಕಾಗದ ಬರೆದವನು ನಾನೂ ಹೌದು. ಆದರೆ ಇಲಾಖೆಯ ಮೇಲಿನ ಮುನಿಸನ್ನು ಅನಾಥವಾದ ಮನೆಯ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ನಾವು ಹೊಗಳುವಾಗಲೂ ಇಡಿಯಾಗಿ ಹೊಗಳುವುದಿಲ್ಲ. ವೀರಪ್ಪನ್ ಹಾವಳಿಯ ಕಾಲವನ್ನು ನೆನೆಸಿಕೊಳ್ಳಿ. 1992ರ ಮೇ ತಿಂಗಳಲ್ಲಿ, ಅಂದು ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ರಾಮಾಪುರದ ಠಾಣೆಯ ಮೇಲೆ ರಾತ್ರಿ ದಾಳಿ ನಡೆದು ಪೋಲೀಸರು ಹತರಾದರು. ಅದೇ ವರ್ಷ ಆಗಸ್ಟ್ 14ರಂದು, ಸುಳ್ಳು ಸುಳಿವನ್ನು ನಂಬಿ ಹೊರಟ ತಂಡ ಮೀಣ್ಯದ ಬಳಿ ಹೊಂಚಿಗೆ ಸಿಕ್ಕಿತು. ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮಡಿದರು. ಈ ಇಬ್ಬರ ಹೆಸರು ನಮ್ಮ ಜನರ ನಾಲಿಗೆಯ ಮೇಲಿದೆ, ಇರಲೇಬೇಕು. ಅವರ ಜೊತೆಯಲ್ಲೇ ಬಿದ್ದ ಕೆಳದರ್ಜೆಯವರನ್ನು ‘ಮತ್ತಿತರರು’ ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಮತ್ತಿತರರಿಗೂ ಮನೆಗಳಿದ್ದವು.

ಈ ಒಂದು ಕೊರತೆಯನ್ನು ದೆಹಲಿಯ ಹೊಸ ಸ್ಮಾರಕ ನೀಗಿದೆ ಎನ್ನಬೇಕು. 2018ರ ಅಕ್ಟೋಬರ್ 21ರಂದು ಚಾಣಕ್ಯಪುರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಪೋಲೀಸ್ ಸ್ಮಾರಕದಲ್ಲಿ 30 ಅಡಿ ಎತ್ತರದ, 238 ಟನ್ ತೂಕದ ಒಂದೇ ಕಲ್ಲಿನ ಸ್ತಂಭವಿದೆ. ನನಗೆ ಅದಕ್ಕಿಂತ ಹೆಚ್ಚಿನದೆನ್ನಿಸುವುದು ಅಲ್ಲಿನ ಗೋಡೆ. ಸ್ವಾತಂತ್ರ್ಯ ಬಂದಂದಿನಿಂದ ಕರ್ತವ್ಯದಲ್ಲಿ ಸತ್ತ 34,000ಕ್ಕೂ ಹೆಚ್ಚು ಪೋಲೀಸರ ಹೆಸರನ್ನು, ದೊಡ್ಡವರು ಸಣ್ಣವರೆನ್ನದೆ, ಅದರ ಮೇಲೆ ಕೆತ್ತಿದ್ದಾರೆ. ಅದು ನಮ್ಮ ಕಾಲದ ವೀರಗಲ್ಲು. ಮೇಲಿನ ಪಟ್ಟಿಗಳೆಲ್ಲ ಅಲ್ಲಿವೆ; ಊರುಗಳನ್ನು ಎಣಿಸಿದ ಆ ಸಣ್ಣ ಬರಹಕ್ಕೆ ಮಾತ್ರ ನಾವು ಬೇರೆ ಕಡೆ ಹುಡುಕಬೇಕು.

ಹುಡುಕಿದರೆ ಅದು ನಿಯಮಗಳಲ್ಲಿದೆ. ಕುಟುಂಬ ಪಿಂಚಣಿಯಿದೆ. ನಮ್ಮ ರಾಜ್ಯದಲ್ಲಿ ಏಪ್ರಿಲ್ 2ರಂದು ಪೋಲೀಸ್ ಧ್ವಜ ದಿನ ಆಚರಿಸಿ, ಸಣ್ಣ ಧ್ವಜಗಳನ್ನು ಮಾರಿ ಬಂದ ಹಣವನ್ನು ಪೋಲೀಸರ ಕ್ಷೇಮಕ್ಕೆ ಬಳಸುವ ರೂಢಿಯಿದೆ. ಸೇವೆಯಲ್ಲಿದ್ದಾಗ ಸತ್ತ ಸರ್ಕಾರಿ ನೌಕರನ ಮನೆಯಲ್ಲಿ ಒಬ್ಬರಿಗೆ ಕೆಲಸ ಕೊಡುವ ಅನುಕಂಪದ ನೇಮಕಾತಿಗೆ 1996ರ ನಿಯಮಗಳಿವೆ. ನಮ್ಮವಳ ಅರ್ಜಿಯ ಕಾಲಕ್ಕೆ ಇದ್ದ ನಿಯಮದಂತೆ ಅರ್ಜಿಯನ್ನು ಸತ್ತ ಒಂದು ವರ್ಷದೊಳಗೆ ಹಾಕಬೇಕು. ಎರೆಯಪ್ಪ ಇರುಗನಿಗೆ ಅಂಥ ಗಡುವು ಕೊಟ್ಟಂತೆ ಕಲ್ಲಿನಲ್ಲಿ ಕಾಣುವುದಿಲ್ಲ. ಬಹುಕಾಲ ಆ ನಿಯಮಗಳಲ್ಲಿ ಮದುವೆಯಾದ ಮಗಳಿಗೆ ಸ್ಥಾನವಿರಲಿಲ್ಲ. ಮಗನಿಗೆ ಮದುವೆ ಅಡ್ಡಿಯಾಗಿರಲಿಲ್ಲ. ಪೋಲೀಸನಲ್ಲದ ಒಬ್ಬ ನೌಕರನ ಮಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 2020ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ಭೇದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 2021ರಲ್ಲಿ ನಿಯಮ ತಿದ್ದುಪಡಿಯಾಯಿತು. ಹಕ್ಕು ಹೀಗೆ ಹಿಗ್ಗಿದೆ. ಆದರೆ ಇಂದಿಗೂ ಗೌರವ ಮನೆ ಬಾಗಿಲಿಗೆ ಆಹ್ವಾನಪತ್ರವಾಗಿ ಬರುತ್ತದೆ. ಕೊಡಗೆಯನ್ನು ಹುಡುಕಿಕೊಂಡು ಮನೆಯವರೇ ಹೊರಡಬೇಕು. ಒಂದನ್ನು ತರುವ ಪೇದೆಯ ಕೈಯಲ್ಲೇ ಇನ್ನೊಂದರ ಅರ್ಜಿ ನಮೂನೆಯನ್ನೂ ಕಳಿಸಿದರೆ, ಠಾಣೆಯ ಬರಹಗಾರರೊಬ್ಬರು ಜೊತೆಗೆ ಕುಳಿತು ತುಂಬಿಸಿಕೊಟ್ಟರೆ, ಖಜಾನೆಗೇನೂ ನಷ್ಟವಿಲ್ಲ.

ಹಾಗೆ ಮಾಡಿದವರೂ ಇದ್ದಾರೆ. ನಮ್ಮ ಪೇದೆಯ ಹೆಂಡತಿಯ ಕಡತ ಮೂರು ಸಲ ಹಿಂದಿರುಗಿದ ಮೇಲೆ ಒಬ್ಬ ಗುಮಾಸ್ತರು, ಯಾರೂ ಹೇಳದೆ, ತಮ್ಮ ಸೈಕಲ್ಲಿನ ಮೇಲೆ ಆಕೆಯ ಮನೆಗೇ ಬಂದು, ಬೇಕಾದ ಸಹಿಗಳನ್ನೆಲ್ಲ ಒಂದೇ ಸಂಜೆ ಹಾಕಿಸಿಕೊಂಡು ಹೋದರು. ಕಾಫಿಯನ್ನೂ ಕುಡಿಯಲಿಲ್ಲ. ಎರಡನೆಯ ವರ್ಷ ಆಕೆಗೆ ಡಿ ದರ್ಜೆಯ ಕೆಲಸ ಸಿಕ್ಕಿತು. ಅತ್ತೆಗೆ ತಿಂಗಳ ಅಕ್ಕಿ ಹೋಗುತ್ತಿತ್ತು. ಆಮೇಲೆ ಅತ್ತೆಯೇ ಬಂದು ಜೊತೆಗೆ ಇದ್ದುಬಿಟ್ಟಳು.

ಕೊರೋನಾ ಕಾಲ ಬಂತು. ರಸ್ತೆ ಕಾಯುತ್ತಿದ್ದ ಪೋಲೀಸರು ಜ್ವರ ಬಂದು ಸತ್ತರು. ಅವರ ಶವಗಳಿಗೆ ಮನೆಯವರ ಕೈ ಕೂಡ ಸೋಕಲಿಲ್ಲ. 2021ರ ಮಳೆಗಾಲದಲ್ಲಿ ಒಂದು ಸಂಜೆ ಆಕೆ ನನ್ನ ಜಗಲಿಗೆ ಬಂದಳು. ಹಿಂದೆ ಇನ್ನೊಬ್ಬ ಹೆಣ್ಣುಮಗಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಕಾಗದ. ಕೂರು ಎಂದು ಅವಳಿಗೆ ಹೇಳಿ ತಾನು ನಿಂತೇ ಇದ್ದಳು. “ಇವರದೂ ಒಂದು ಅರ್ಜಿ ಆಗಬೇಕು ಮೇಷ್ಟ್ರೇ” ಎಂದಳು. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಚೀಲದಿಂದ ಸೇವಾ ಪುಸ್ತಕದ ನಕಲು ತೆಗೆದು ನನ್ನ ಮುಂದೆ ಹರಡಿದ್ದಳು. “ಮೊದಲು ಹೆಸರು ನೋಡಿ. ಹಿಂದಿನ ಅಕ್ಷರ ಮೂರು ಕಡೆಯೂ ಒಂದೇ ಇದೆಯಾ?”