ನಾಳೆಯ ಮೋಟಾರು ಯಾವುದು?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ವಿಜ್ಞಾನದ ಮೇಷ್ಟ್ರು ಮೊಳೆಗೆ ತಾಮ್ರದ ತಂತಿ ಸುತ್ತಿ, ಟಾರ್ಚಿನ ಸೆಲ್ಲಿಗೆ ಜೋಡಿಸಿ, ಗುಂಡುಪಿನ್ನುಗಳನ್ನು ಎತ್ತಿ ತೋರಿಸಿದ್ದು ಇದೇ ಕಟ್ಟಡದಲ್ಲಿ. ಆ ಮೊಳೆಯ ಬೆನ್ನು ಹತ್ತಿ ನಾನು ಮೋಟಾರುಗಳ ಸಂಶೋಧನೆಗೆ ಹೋದೆ. ಮುಂದೆ ಎಂಥ ಮೋಟಾರು ಬರುತ್ತದೆ ಎಂದು ಅಂದಾಜು ಮಾಡುವುದೂ ನನ್ನ ಕೆಲಸವಾಗಿತ್ತು. ಅದರ ಬಗ್ಗೆ ಎರಡು ಮಾತು.

ಅಮೆರಿಕದ ವರ್ಮಾಂಟಿನ ಕಮ್ಮಾರ ಥಾಮಸ್ ಡ್ಯಾವನ್‌ಪೋರ್ಟ್ 1837ರಲ್ಲಿ ವಿದ್ಯುತ್ ಮೋಟಾರಿಗೆ ಪೇಟೆಂಟ್ ಪಡೆದ. ಮೋಟಾರು ಚೆನ್ನಾಗಿಯೇ ತಿರುಗುತ್ತಿತ್ತು, ವ್ಯಾಪಾರ ಮಾತ್ರ ಮುಳುಗಿತು. ಅಂದಿನ ಬ್ಯಾಟರಿ ಸತುವನ್ನು ತಿನ್ನುತ್ತಿತ್ತು. ಉಗಿಯಂತ್ರದ ಕಲ್ಲಿದ್ದಲು ಅದಕ್ಕಿಂತ ಬಹಳ ಅಗ್ಗ. ಡೈನಮೊ ಬಂದು ವಿದ್ಯುತ್ ಅಗ್ಗವಾದ ಮೇಲೆಯೇ ಮೋಟಾರಿಗೆ ಕಾಲ ಬಂತು. 1888ರಲ್ಲಿ ನಿಕೋಲಾ ಟೆಸ್ಲಾ ಇಂಡಕ್ಷನ್ ಮೋಟಾರಿಗೆ ಪೇಟೆಂಟ್ ಪಡೆದರು. ನಮ್ಮ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಇಂದಿಗೂ ತಿರುಗುವುದು ಆ ತತ್ವದ ಮೇಲೆ.

ಈ ಕಥೆ ಗೊತ್ತಿದ್ದೂ ನಾನು ಎಡವಿದೆ. 1990ರ ದಶಕದಲ್ಲಿ, ಸೀಲಿಂಗ್ ಫ್ಯಾನಿಗೆ ಶಾಶ್ವತ ಅಯಸ್ಕಾಂತದ ಮೋಟಾರು ಬರಲಾರದು, ದುಬಾರಿ ಎಂದು ವರದಿ ಬರೆದೆ. ಮೋಟಾರಿನ ಲೆಕ್ಕ ಸರಿಯಿತ್ತು. ಅದನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಅಗ್ಗವಾದೀತೆಂದು ಯೋಚಿಸಲೇ ಇಲ್ಲ. ಇಂದು ಅಂಗಡಿಗಳಲ್ಲಿ ಬಿಎಲ್‌ಡಿಸಿ ಫ್ಯಾನುಗಳಿವೆ; ಹಳೆಯ ಫ್ಯಾನು ಸುಮಾರು 75 ವಾಟ್ ಎಳೆದರೆ ಇವು 30ರ ಆಸುಪಾಸು. ನನ್ನ ವರದಿ ನಂಬಿ ಆ ಕೆಲಸ ಕೈಬಿಟ್ಟ ಕಿರಿಯ ಸಹೋದ್ಯೋಗಿಯ ಮುಖ ನೋಡಲು ನನಗೆ ಇಂದಿಗೂ ಸಂಕೋಚ.

ಹಾಗೆಂದು ಅಯಸ್ಕಾಂತವೇ ಗೆದ್ದಿತು ಎನ್ನಲೂ ಆಗದು. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತ ಬಹಳ ಶಕ್ತಿಶಾಲಿ. ಎಲೆಕ್ಟ್ರಿಕ್ ಸ್ಕೂಟರು, ಕಾರುಗಳಲ್ಲಿ ಹೆಚ್ಚಿನವು ಅದನ್ನೇ ನೆಚ್ಚಿವೆ. ಆದರೆ ಅದರ ತಯಾರಿಕೆಯ ಬಹುಪಾಲು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಕೆಲವು ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಾರ್ಖಾನೆಗಳಿಗೂ ಬಿಸಿ ತಟ್ಟಿತು. ಅಗ್ಗದ ಫೆರೈಟ್ ಅಯಸ್ಕಾಂತದ ಮೋಟಾರು, ಅಯಸ್ಕಾಂತವೇ ಬೇಡದ ರಿಲಕ್ಟೆನ್ಸ್ ಮೋಟಾರುಗಳತ್ತ ಸಂಶೋಧಕರು ಈಗ ಮತ್ತೆ ತಿರುಗಿದ್ದಾರೆ.

ಆದ್ದರಿಂದ ಹೊಸ ಮೋಟಾರು ಕಂಡಾಗ ನಾನೀಗ ಮೂರು ಪ್ರಶ್ನೆ ಕೇಳುತ್ತೇನೆ. ಇದಕ್ಕೆ ಬೇಕಾದ ವಸ್ತು ಎಲ್ಲಿಂದ ಬರುತ್ತದೆ? ಇದನ್ನು ನಡೆಸುವ ಸಾಧನದ ಬೆಲೆ ಏನಾಗುತ್ತಿದೆ? ಕೆಟ್ಟರೆ ರಿಪೇರಿ ಮಾಡುವವರು ಯಾರು? ಸುಟ್ಟ ಪಂಪಿನ ಮೋಟಾರನ್ನು ನಮ್ಮ ಪೇಟೆಯಲ್ಲಿ ವೈಂಡಿಂಗ್ ಮಾಡಿಕೊಡುತ್ತಾರೆ. ಫ್ಯಾನಿನ ಸರ್ಕ್ಯೂಟ್ ಬೋರ್ಡು ಕೆಟ್ಟರೆ?

ಮಕ್ಕಳೇ, ಆ ಮೂರನೆಯ ಪ್ರಶ್ನೆಗೆ ಉತ್ತರ ನೀವಾಗಬಹುದು. ಐಟಿಐಗೆ ಹೋಗಿ, ಎಂಜಿನಿಯರಿಂಗ್‌ಗೆ ಹೋಗಿ, ಎರಡಕ್ಕೂ ಇಲ್ಲಿ ಕೆಲಸವಿದೆ.

ಈ ಮಾತು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದಂತೆ. ಹಾಗಾಗಿ ಒಂದು ಅಂದಾಜನ್ನು ಧೈರ್ಯವಾಗಿ ಹೇಳಿಬಿಡುತ್ತೇನೆ: ಇನ್ನು ಹತ್ತು ವರ್ಷದಲ್ಲಿ ಒಂದೇ ಬಗೆಯ ಮೋಟಾರು ಎಲ್ಲ ಕಡೆ ಗೆಲ್ಲುವುದಿಲ್ಲ, ದುಬಾರಿ ಅಯಸ್ಕಾಂತವನ್ನು ಕಡಿಮೆ ಬಳಸುವ ಮೋಟಾರುಗಳು ಹೆಚ್ಚುತ್ತವೆ. ವಜ್ರ ಮಹೋತ್ಸವದ ದಿನ ಈ ಪುಟ ತೆರೆದು, ನಾನು ಎಲ್ಲಿ ತಪ್ಪಿದೆ ಎಂದು ನೀವು ಇದೇ ವೇದಿಕೆಯಲ್ಲಿ ಹೇಳಬೇಕು. ಕೇಳಲು ನಾನು ಬರುತ್ತೇನೆ.