ಅರ್ಜಿಯೇ ಹಾಕದವನಿಗೆ ಕರೆ ಬರುವುದೆಂತು?

(ಖಾನಾಪುರದಲ್ಲಿ ಉದ್ಯೋಗಾಕಾಂಕ್ಷಿ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಸಭೆ ಆರಂಭವಾಗುವ ಮುನ್ನ ತರುಣನೊಬ್ಬ ನನ್ನನ್ನು ಕೇಳಿದ: "ನಮ್ಮ ಹೆಸರು ನೋಡಿಯೇ ಅರ್ಜಿ ಬದಿಗಿಡುತ್ತಾರಂತೆ. ಮತ್ತೆ ಅರ್ಜಿ ಹಾಕಿ ಏನು ಉಪಯೋಗ, ಭಾಯಿ?" ನನ್ನ ಇಂದಿನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ.

ಅವನ ದೂರು ಸುಳ್ಳಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಲಾಗಿತ್ತು. ಮೇಲ್ಜಾತಿಯ ಹಿಂದೂ ಹೆಸರುಗಳಿಗೆ ಹೋಲಿಸಿದರೆ ಮುಸ್ಲಿಂ ಹೆಸರುಗಳಿಗೆ ಕರೆ ಬಂದದ್ದು ಕಡಿಮೆ. ಇದು ಅನ್ಯಾಯ. ಇದನ್ನು ಪ್ರಶ್ನಿಸುತ್ತಲೇ ಇರಬೇಕು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. 2006ರ ಸಾಚಾರ್ ಸಮಿತಿ ವರದಿಯು ಐಎಎಸ್‌ನಲ್ಲಿ ನಮ್ಮ ಪಾಲು ಕೇವಲ ಶೇ. 3 ಎಂದು ಹೇಳಿತು. ಅದನ್ನು ನಾವು ಎಲ್ಲ ವೇದಿಕೆಗಳಲ್ಲೂ ಉಲ್ಲೇಖಿಸುತ್ತೇವೆ. ಅದೇ ವರದಿ ಮತ್ತೊಂದನ್ನೂ ಹೇಳಿದೆ: ನಾಗರಿಕ ಸೇವಾ ಪರೀಕ್ಷೆಗೆ ಕುಳಿತವರಲ್ಲೇ ನಮ್ಮವರು ಶೇ. 5ಕ್ಕಿಂತ ಕಡಿಮೆ, ಕುಳಿತವರ ಯಶಸ್ಸಿನ ಪ್ರಮಾಣವಾದರೋ ಇತರರಷ್ಟೇ ಇತ್ತು. ಉತ್ತರಪತ್ರಿಕೆಯ ಮೌಲ್ಯಮಾಪಕನಿಗೆ ಅಭ್ಯರ್ಥಿಯ ಹೆಸರು ಕಾಣುವುದಿಲ್ಲ. ಹೆಸರು ಕೇಳದ ಬಾಗಿಲನ್ನೂ ನಾವು ತಟ್ಟದಿದ್ದರೆ ತಪ್ಪು ಯಾರದು?

ಆ ಬಾಗಿಲಿನ ಕೀಲಿಕೈ ಭಾಷೆ. ಈ ಗಡಿ ತಾಲ್ಲೂಕಿನಲ್ಲಿ ಉರ್ದು, ಮರಾಠಿ ಮಾಧ್ಯಮಗಳಲ್ಲಿ ಓದಿದವರು ಅನೇಕರಿದ್ದಾರೆ. ಲೋಕಸೇವಾ ಆಯೋಗದ ಗ್ರೂಪ್ ಸಿ ಹುದ್ದೆಗಳ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳ ಶ್ರಮವೆಲ್ಲ ವ್ಯರ್ಥ. ಅದು ಎಸ್ಸೆಸ್ಸೆಲ್ಸಿ ಮಟ್ಟದ ಪರೀಕ್ಷೆ. ದಿನಕ್ಕೊಂದು ಗಂಟೆಯ ಅಭ್ಯಾಸದಿಂದ ದಾಟಬಹುದು.

ಇನ್ನು ಖಾಸಗಿ ಕ್ಷೇತ್ರ. ಇಲ್ಲಿಂದ ಹೊರಟ ಬಸ್ಸು ಬೆಳಗಾವಿ ನಗರ ಸೇರುವ ಮುನ್ನವೇ ಉದ್ಯಮಬಾಗ್ ಸಿಗುತ್ತದೆ. ಅಲ್ಲಿ ಫೌಂಡ್ರಿಗಳಿವೆ, ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿವೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳೂ ತಯಾರಾಗುತ್ತವೆ. ಡ್ರಾಯಿಂಗ್ ಓದಿ ಅಳತೆ ತಪ್ಪದಂತೆ ಕೆಲಸ ಮಾಡುವವನು ಅಲ್ಲಿನ ಮಾಲೀಕನಿಗೆ ಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ, 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಲಿಕೆಯ ಜೊತೆಗೆ ಸ್ಟೈಪೆಂಡ್ ದೊರೆಯುತ್ತದೆ. ಕಾಗದದ ಅರ್ಜಿಯಲ್ಲಿ ಮೊದಲು ಕಾಣುವುದು ಹೆಸರು. ವರ್ಷವಿಡೀ ಕಣ್ಣೆದುರು ದುಡಿದವನಲ್ಲಿ ಕಾಣುವುದು ಕೆಲಸ. ಪೂರ್ವಗ್ರಹಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ತಿಳಿಯದು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಮದ್ರಸಾ ಶಿಕ್ಷಣ ಮುಗಿಸಿ ಬಿ.ಎ. ಮಾಡಿದ ನಾನು ಮೊದಲ ಅರ್ಜಿಯಲ್ಲಿ ಮದ್ರಸಾದ ವರ್ಷಗಳನ್ನು ಮುಚ್ಚಿಟ್ಟಿದ್ದೆ. "ಈ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಸಂದರ್ಶಕರು ಕೇಳಿದಾಗ ತಡವರಿಸಿದೆ. ಕೆಲಸ ಸಿಗಲಿಲ್ಲ. ಮುಂದಿನ ಅರ್ಜಿಯಲ್ಲಿ ಮದ್ರಸಾದ ಹೆಸರನ್ನೂ ಬರೆದೆ, ಉರ್ದುವಿನಿಂದ ಕನ್ನಡಕ್ಕೆ ಅನುವಾದಿಸಬಲ್ಲೆನೆಂದೂ ಬರೆದೆ. ಅನುವಾದದ ಎರಡು ಪುಟಗಳನ್ನು ಲಗತ್ತಿಸಿದೆ. ಈ ಬಾರಿ ಸಂದರ್ಶನದ ಮಾತೆಲ್ಲ ಆ ಎರಡು ಪುಟಗಳ ಮೇಲೆಯೇ ನಡೆಯಿತು. ಕೆಲಸವೂ ಸಿಕ್ಕಿತು.

ಆದ್ದರಿಂದ "ಪ್ರಾಮಾಣಿಕ, ಶ್ರಮಜೀವಿ" ಎಂದು ಎಲ್ಲರೂ ಬರೆಯುವುದನ್ನೇ ಬರೆಯಬೇಡಿ. ಯಾವ ಯಂತ್ರ ನಡೆಸಿದ್ದೀರಿ, ಯಾವ ಲೆಕ್ಕ ಬರೆದಿದ್ದೀರಿ ಎಂದು ಬರೆಯಿರಿ. ಒಂದೇ ಬಯೋಡೇಟಾದ ಐವತ್ತು ಪ್ರತಿ ಹಂಚುವ ಬದಲು, ಐದು ಸಂಸ್ಥೆಗಳ ಕೆಲಸವನ್ನು ತಿಳಿದುಕೊಂಡು ಐದು ಅರ್ಜಿ ಬರೆಯಿರಿ.

ಪಾಲಕರಲ್ಲಿ ಒಂದು ವಿನಂತಿ. ವಶೀಲಿಗಾಗಿ ಮನೆಮನೆ ಅಲೆಯುವ ಕಾಲವನ್ನು ಮಕ್ಕಳ ಕಲಿಕೆಗೆ ಕೊಡಿ. ಪದವಿ ಪಡೆದ ಮಗಳ ಅಂಕಪಟ್ಟಿಯನ್ನು ಕಪಾಟಿನಲ್ಲಿ ಭದ್ರವಾಗಿಟ್ಟು ಸುಮ್ಮನಾಗಬೇಡಿ; ಅವಳಿಂದಲೂ ಅರ್ಜಿ ಹಾಕಿಸಿ.

ಆ ತರುಣ ಇಲ್ಲೇ ಕುಳಿತಿದ್ದಾನೆ. ತಮ್ಮಾ, ತಿರಸ್ಕರಿಸುವವರು ತಿರಸ್ಕರಿಸಲಿ, ಅದಕ್ಕೆ ಉತ್ತರ ಹೇಳಬೇಕಾದವರು ಅವರು. ಅವರಿಗಿಂತ ಮೊದಲೇ ನಿನ್ನನ್ನು ನೀನೇ ತಿರಸ್ಕರಿಸಬೇಡ.